ಬಾರ್ಸಿಲೋನಾದ ಪೆದ್ರಾಲ್ಬೆಸ್ ಕಾನ್ವೆಂಟ್ (ಕ್ರೈಸ್ತ ಸನ್ಯಾಸಿನಿಯರ ಮಠ) ಕಟ್ಟಿಸಿದ್ದು ಯಾರು? ಅದರ ಇತಿಹಾಸವೇನು?

ಕಟ್ಟಿಸಿದ್ದು ಇಂದಿನ ಸ್ಪೇನಿನಲ್ಲಿದ್ದ ಅರಗಾನ್ ರಾಜ್ಯದ ರಾಣಿ ಎಲಿಸೆಂಡಾ ದೆ ಮೊಂಟ್‌ಕಾದಾ. 1326ರಲ್ಲಿ ಕೆಲಸ ಶುರುವಾಯಿತು. ಮರುವರ್ಷವೇ ಸಂತ ಕ್ಲಾರಾ ಪಂಥದ ಸನ್ಯಾಸಿನಿಯರು ಬಂದು ನೆಲೆಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಅವಳ ಗಂಡ, ದೊರೆ ಎರಡನೇ ಜೇಮ್ಸ್, ತೀರಿಕೊಂಡ. ಆಮೇಲೆ ರಾಣಿ ಕಾನ್ವೆಂಟಿನ ಪಕ್ಕದ ಅರಮನೆಯಲ್ಲೇ ಇದ್ದಳು, 1364ರಲ್ಲಿ ಸಾಯುವವರೆಗೂ. ಸನ್ಯಾಸ ಮಾತ್ರ ತಗೊಳ್ಳಲಿಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಅವಳ ಸಮಾಧಿ. ಒಂದೇ ಗೋಡೆಯ ಎರಡೂ ಬದಿಗೆ ಅವಳ ಶಿಲ್ಪವಿದೆ. ಚರ್ಚಿನ ಕಡೆ ಕಿರೀಟ ತೊಟ್ಟ ರಾಣಿ, ಒಳ ಅಂಗಳದ ಕಡೆ ಸರಳ ಉಡುಪಿನ ವಿಧವೆ. ಅವಳು ಬದುಕಿದ್ದೂ ಹಾಗೇ, ಅಲ್ವಾ? ಇಲ್ಲಿನ ಪುಟ್ಟ ಪ್ರಾರ್ಥನಾ ಕೋಣೆ, ಸಂತ ಮೈಕೇಲ್ ಚಾಪೆಲ್‌ನಲ್ಲಿ 1346ರಲ್ಲಿ ಫೆರರ್ ಬಸ್ಸಾ ಬಿಡಿಸಿದ ಗೋಡೆಚಿತ್ರಗಳನ್ನೂ ನೋಡಲೇಬೇಕು. 1983ರಿಂದ ಈ ಕಾನ್ವೆಂಟ್ ಮ್ಯೂಸಿಯಂ.