ಓದುಗರ ಪ್ರಶ್ನೆ: ಚಿನ್ನದ ಪದಕಕ್ಕೆ ದತ್ತಿ ಇಡ್ತಾರೆ, ಹುಡುಗೀರ ಖೋ ಖೋ ಟೀಮ್‌ಗೆ ಯಾಕೆ ಇಡಲ್ಲ?

ಪ್ರಶ್ನೆ: ಮೇಡಂ, ನಾನು ಓದೋವಾಗ ನಮ್ಮ ವಿಶ್ವವಿದ್ಯಾಲಯದ ಖೋ ಖೋ ಟೀಮ್‌ನಲ್ಲಿದ್ದೆ, ಈಗ ಬ್ಯಾಂಕ್ ಕೆಲಸ. ಇವತ್ತಿಗೂ ಅಲ್ಲಿನ ಹುಡುಗೀರು ಶೂ ಸ್ವಂತ ದುಡ್ಡಲ್ಲೇ ತಗೋತಾರೆ, ಮಣ್ಣಲ್ಲಿ ಪ್ರಾಕ್ಟೀಸ್ ಮಾಡಿ ಅಂತರ ವಿವಿ ಟೂರ್ನಿಲಿ ಮ್ಯಾಟ್ ಮೇಲೆ ಆಡ್ತಾರೆ. ಹಳೇ ಆಟಗಾರ್ತಿಯರು ಸೇರ್ಕೊಂಡು ದಾನಿಗಳ ಹತ್ರ ಹೋಗ್ತಿದೀವಿ, ಎಲ್ರೂ ಕಾಫಿ ಕೊಟ್ಟು ಒಳ್ಳೇ ಕೆಲಸ ಅಂತಾರೆ, ದುಡ್ಡು ಮಾತ್ರ ಯಾರೂ ಬಿಚ್ಚಲ್ಲ. ಏನು ಮಾಡೋಣ?
— ಓದುಗರೊಬ್ಬರು, ಹಾವೇರಿ

ಉತ್ತರ: ನೀವು ಹೋಗಿ ಏನಂತ ಕೇಳ್ತೀರಿ ಅನ್ನೋದನ್ನ ಬರೆದಿಲ್ಲ. "ಮಹಿಳಾ ಕ್ರೀಡೆಗೆ ಸಹಾಯ ಮಾಡಿ" ಅಂತ ಕೇಳಿದ್ರೆ ಕಾಫಿನೇ ಸಿಗೋದು. ಹಾಗಂತ ನಮ್ಮ ಜನಕ್ಕೆ ವಿವಿಗೆ ಕೊಡೋ ಅಭ್ಯಾಸ ಇಲ್ಲ ಅಂತಲ್ಲ, ಯಾವ್ದಾದ್ರೂ ಘಟಿಕೋತ್ಸವದ ಪದಕಗಳ ಪಟ್ಟಿ ತೆಗೆದು ನೋಡಿ, ಅಪ್ಪನ ಹೆಸರಲ್ಲಿ ಕನ್ನಡ ಎಂಎಗೆ ಚಿನ್ನದ ಪದಕ, ತೀರಿಕೊಂಡ ಹೆಂಡತಿ ಹೆಸರಲ್ಲಿ ಕೆಮಿಸ್ಟ್ರಿಗೆ ನಗದು ಬಹುಮಾನ, ಹೀಗೆ ಪುಟಗಟ್ಟಲೆ ಇರುತ್ತೆ, ಅದ್ರಲ್ಲಿ ಎಷ್ಟೋ ರಿಟೈರ್ ಆದ ಮೇಷ್ಟ್ರುಗಳು ಇಟ್ಟಿದ್ದು. ಯಾಕೆ ಇಡ್ತಾರೆ ಅಂದ್ರೆ ಅಸಲು ಕರಗಲ್ಲ, ಮನೆಯವರ ಹೆಸರು ಉಳಿಯುತ್ತೆ, ವರ್ಷಕ್ಕೊಂದ್ಸಲ ವೇದಿಕೆ ಮೇಲೆ ಆ ಹೆಸರು ಓದ್ತಾರೆ. ಅದನ್ನೇ ನೀವೂ ಕೇಳಿ. ದತ್ತಿ ಅಂತ ಕೇಳಿ.

ಲೆಕ್ಕ ಕಷ್ಟ ಇಲ್ಲ, ನೀವೇ ಬ್ಯಾಂಕಿನವರು. 5 ಲಕ್ಷ ಇಟ್ಟು ಶೇ 7 ಬಡ್ಡಿ ಸಿಕ್ರೆ ವರ್ಷಕ್ಕೆ 35,000, ಟೀಮ್‌ನ ಶೂ, ಮಂಡಿಗೆ ಹಾಕೋ ಕ್ಯಾಪ್‌ಗೆ ಒಳ್ಳೇ ಆಸರೆ. ಆದ್ರೆ ಶೂ ರೇಟ್ ಏರ್ತಾ ಹೋಗುತ್ತೆ, ಬಡ್ಡಿ ಅಲ್ಲೇ ನಿಲ್ಲುತ್ತೆ (ಎಷ್ಟೋ ಹಳೇ ಪದಕದ ದತ್ತಿಗಳ ಬಡ್ಡಿಲಿ ಈಗ ಚಿನ್ನದ ನೀರು ಹಾಕ್ಸೋದೂ ಕಷ್ಟ), ಅದಕ್ಕೆ ಬಡ್ಡಿಯ ಒಂದು ಪಾಲು ಅಸಲಿಗೆ ಸೇರ್ಬೇಕು ಅಂತ ಕರಾರಲ್ಲೇ ಬರೆಸಿ. ಇನ್ನೊಂದು ಮಾತೂ ಬರೆಸಿ: ಈ ದುಡ್ಡು ಬಂತು ಅಂತ ವಿವಿ ತಾನು ಹುಡುಗೀರ ಟೀಮ್‌ಗೆ ಕೊಡ್ತಿದ್ದ ಅನುದಾನ ಇಳಿಸೋ ಹಾಗಿಲ್ಲ. ಇದಿಲ್ದಿದ್ರೆ ನೀವು ಒಂದು ಕಡೆ ತುಂಬ್ತೀರಿ, ಅವರು ಇನ್ನೊಂದು ಕಡೆ ತೆಗೀತಾರೆ. ಅಮೆರಿಕದಲ್ಲಿ ಟೈಟಲ್ ನೈನ್ ಅಂತ 1972ರ ಕಾನೂನು ಇದೆ, ಅದರ ಪ್ರಕಾರ ದಾನಿಗಳು ಗಂಡುಮಕ್ಕಳ ಟೀಮ್‌ಗೆ ಎಷ್ಟೇ ಸುರಿದ್ರೂ ಅದು ದಾನಿ ದುಡ್ಡು ಅಂತ ಕಾಲೇಜು ಜಾರ್ಕೊಳೋ ಹಾಗಿಲ್ಲ, ಹುಡುಗೀರಿಗೆ ಸಮನಾದ ಸೌಕರ್ಯ ಕೊಡ್ಲೇಬೇಕು. ನಮ್ಮಲ್ಲಿ ಅಂಥ ಕಾನೂನು ಇಲ್ಲ, ಅದಕ್ಕೇ ಕರಾರು ಗಟ್ಟಿ ಇರ್ಬೇಕು. ಕುಲಸಚಿವರು, ಹಣಕಾಸು ಅಧಿಕಾರಿ ಸೈನ್ ಹಾಕ್ಲಿ, ಖರ್ಚಿನ ಕಮಿಟಿಲಿ ದೈಹಿಕ ಶಿಕ್ಷಣ ನಿರ್ದೇಶಕರ ಜೊತೆ ಒಬ್ಬ ಆಟಗಾರ್ತಿ ಇರ್ಲಿ.

ಇನ್ನು ಮ್ಯಾಟ್, ಅದು ಬಡ್ಡಿಲಿ ಆಗೋ ಖರ್ಚಲ್ಲ, ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡ್ಬೇಕಾದ ದುಡ್ಡು, ಅಂದ್ರೆ ಸಿಎಸ್‌ಆರ್ ಬೇಕು. ಕಂಪನಿ ಕಾಯ್ದೆ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಇರೋ ಕಂಪನಿನೂ ಸಿಎಸ್‌ಆರ್ ಲೆಕ್ಕಕ್ಕೆ ಬರುತ್ತೆ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2 ಖರ್ಚು ಮಾಡ್ಬೇಕು. ಅಂದ್ರೆ ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳ ಬಾಗಿಲಲ್ಲೇ ನಿಲ್ಬೇಕಾಗಿಲ್ಲ, ನಿಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆ, ಬೀಜದ ಕಂಪನಿಗಳನ್ನೂ ನೋಡಿ. ಈ ದುಡ್ಡು ಯಾವುದಕ್ಕೆ ಹಾಕಬಹುದು ಅನ್ನೋ ಕಾಯ್ದೆಯ ಪಟ್ಟಿಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆ ಇರೋ ಕ್ರೀಡೆ ಇವೆ, ಆದ್ರೆ ಇರೋದು "ತರಬೇತಿ" ಅಂತ. ಒಂದಿನದ ಟೂರ್ನಮೆಂಟ್, ಬ್ಯಾನರ್, ಟ್ರೋಫಿಗೆ ಕೇಳಿದ್ರೆ ಅದು ಸಿಎಸ್‌ಆರ್ ಆಗಲ್ಲ. ವರ್ಷಪೂರ್ತಿ ತರಬೇತಿ ಯೋಜನೆ ಬರ್ಕೊಂಡು ಹೋಗಿ, ಅದ್ರೊಳಗೆ ಮ್ಯಾಟ್ ಸೇರಿಸಿ. ರಾಜ್ಯದ ಕಾಯ್ದೆಯಿಂದ ಆಗಿರೋ ವಿವಿ ಈ ದುಡ್ಡು ತಗೋಬಹುದು, ಸಿಎಸ್‌ಆರ್-1 (ಈ ದುಡ್ಡು ತಗೊಳೋ ಸಂಸ್ಥೆಗಳು ತುಂಬೋ ಸರ್ಕಾರಿ ಫಾರ್ಮ್) ನೋಂದಣಿ ಮಾತ್ರ ಆಗಿರ್ಬೇಕು.

ಆಮೇಲೆ ಯಾರೂ ಕೇಳದೇ ಇರೋ ಒಂದು ಬಾಬ್ತು ಇದೆ, ಆರೋಗ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಜನಕ್ಕೆ ರಕ್ತಹೀನತೆ. ಹಿಮೋಗ್ಲೋಬಿನ್ ಕಮ್ಮಿ ಇರೋ ಹುಡುಗೀನ ಓಡ್ಸಿ ಓಡ್ಸಿ ಸ್ಟ್ಯಾಮಿನಾ ಇಲ್ಲ ಅಂತ ಬೈದ್ರೆ ಏನು ಬಂತು! ಮಂಡಿಯ ಎಸಿಎಲ್ (ಮೂಳೆಗಳನ್ನ ಹಿಡಿದಿಡೋ ಒಂದು ಲಿಗಮೆಂಟ್) ಗಾಯನೂ ಹುಡುಗೀರಿಗೇ ಜಾಸ್ತಿ. ರಕ್ತ ಪರೀಕ್ಷೆ, ಮೊಟ್ಟೆ, ಫಿಸಿಯೋ ಫೀಸು, ಇಷ್ಟನ್ನ ನಿಮ್ಮೂರಿನ ಡಾಕ್ಟ್ರ ಮುಂದೆ ಇಡಿ. ಒಪ್ಪೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಅವರಿಗೆ ಬೇರೆಯವರು ವಿವರಿಸಿ ಹೇಳ್ಬೇಕಾಗಿಲ್ಲ.

ಪ್ರಶ್ನೆ: ಮದುವೆ ಆದ್ಮೇಲೆ ಆಟ ಬಿಡೋ ಹುಡುಗೀರ ಮೇಲೆ ಯಾಕ್ರೀ ದುಡ್ಡು ಹಾಕ್ಬೇಕು?
— ಓದುಗರು, ತುಮಕೂರು

ಉತ್ತರ: ಎಂಎಸ್ಸಿ ಚಿನ್ನದ ಪದಕದವರು ಮದುವೆ ಆಗಿ ಮನೇಲಿದ್ರೆ ಪದಕ ವಾಪಸ್ ಇಸ್ಕೋತೀರಾ? ಇಲ್ಲ ತಾನೆ. ರೈಲ್ವೆಲಿ, ಪೊಲೀಸ್ ಇಲಾಖೆಲಿ ಕ್ರೀಡಾ ಕೋಟಾದಡಿ ಕೆಲಸ ಸಿಕ್ಕ ಹುಡುಗೀರು ಮದುವೆ ಆದ್ಮೇಲೂ ಆಡ್ತಿದಾರೆ, ಅಂದ್ರೆ ಆಟ ಬಿಡ್ಸೋದು ಮದುವೆ ಒಂದೇ ಅಲ್ಲ, ಕೈಯಲ್ಲಿ ಕಾಸಿಲ್ದೇ ಇರೋದೂ ಹೌದು. 2025ರ ಜನವರಿಲಿ ದೆಹಲಿಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ಹುಡುಗೀರಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ರು. ಕಪ್ ಬಂದ್ಮೇಲೆ ಹಾರ ಹಿಡ್ಕೊಂಡು ಬರೋರಿಗೆ ಎಂದೂ ಬರ ಇಲ್ಲ ಬಿಡಿ, ನೀವು ಸ್ವಲ್ಪ ಮುಂಚೆ ಬನ್ನಿ.

ಪ್ರಶ್ನೆ: ನಾನಿರೋದು ನ್ಯೂಜೆರ್ಸಿಲಿ, ಓದಿದ ವಿವಿಯ ಹುಡುಗೀರ ಟೀಮ್‌ಗೆ ದುಡ್ಡು ಕಳಿಸ್ಬೇಕು, ನೇರವಾಗಿ ಕಳಿಸಬಹುದಾ?
— ಹಳೇ ವಿದ್ಯಾರ್ಥಿ

ಉತ್ತರ: ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದ್ರ ಮೇಲಿದೆ. ಭಾರತದ್ದೇ ಆಗಿದ್ರೆ ನಿಮ್ಮ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಅಕೌಂಟಿಂದ ಕೊಡೋ ಸ್ವಂತ ದುಡ್ಡು ವಿದೇಶಿ ದೇಣಿಗೆ ಅನ್ನಿಸ್ಕೊಳಲ್ಲ, ಧಾರಾಳವಾಗಿ ಕಳಿಸಿ. ಅಮೆರಿಕದ ಪೌರತ್ವ ತಗೊಂಡಿದ್ರೆ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ರೂ ನೀವು ವಿದೇಶಿ ದಾನಿನೇ, ಆಗ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನಿಯಮ ಬರುತ್ತೆ, ಕಳಿಸೋ ಮುಂಚೆ ವಿವಿಯ ಹಣಕಾಸು ವಿಭಾಗದಿಂದ ಅನುಮತಿ ಇದೆ ಅಂತ ಬರವಣಿಗೇಲಿ ತರಿಸ್ಕೊಳಿ. ಊರಲ್ಲಿರೋ ನಿಮ್ಮ ಬ್ಯಾಚಿನವರಿಗೂ ಹೇಳಿ, ಹೊಸ ತೆರಿಗೆ ಪದ್ಧತಿಲಿ ಇರೋರಿಗೆ ದೇಣಿಗೆ ಮೇಲಿನ ತೆರಿಗೆ ವಿನಾಯ್ತಿ ಸಿಗಲ್ಲ, ಹಳೇದ್ರಲ್ಲಿ ಇದ್ರೂ 2,000 ರೂಪಾಯಿ ಮೇಲೆ ನಗದು ಕೊಟ್ರೆ ಸಿಗಲ್ಲ, ಚೆಕ್ಕೋ ಯುಪಿಐನೋ ಮಾಡ್ಲಿ, ರಸೀದಿ ಜೋಪಾನ.