ಓದುಗರ ಪ್ರಶ್ನೆ: ಯಿನ್ ಮೇಲೆ ಬಂದರೆ ಅಪಶಕುನವೇ?

ಪ್ರಶ್ನೆ: ಅಣ್ಣನ ಮಗಳಿಗೆ ಪುಣೆಯಲ್ಲಿ ನೌಕರಿ ಸಿಕ್ಕಿದೆ. ಕಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಜಗ್ಗಾಟ. ನಮ್ಮ ಅಳಿಯ ಮೊಬೈಲ್ ನೋಡಿಕೊಂಡು ಚೀನಾದ ಹಳೆಯ ಶಕುನಗ್ರಂಥ ಐ ಚಿಂಗ್ ಪ್ರಕಾರ ಗೆರೆಗೊಮ್ಮೆಯಂತೆ ಮೂರು ನಾಣ್ಯ ಚಿಮ್ಮಿದರು. ಕೆಳಗೆ ಮೂರು ಯಾಂಗ್ (ಇಡಿಯಾದ ಗೆರೆ), ಮೇಲೆ ಮೂರು ಯಿನ್ (ಮುರಿದ ಗೆರೆ). ಕೆಳಗಿನಿಂದ ಮೂರನೆಯ ಗೆರೆಗೆ ನಾಣ್ಯಗಳ ಮೊತ್ತ 9 ಬಿತ್ತು. “ಯಿನ್ ಅಂದ್ರ ಕತ್ತಲಿ, ಅದು ಮ್ಯಾಲೆ ಕುಂತೈತಿ, ಬ್ಯಾಡ” ಅಂದರು. ಹುಡುಗಿ ಊಟ ಬಿಟ್ಟಿದ್ದಾಳೆ. ಯಿನ್ ಅಷ್ಟು ಕೆಟ್ಟದ್ದೇ?
— ಓದುಗಿ, ಇಳಕಲ್

ಉತ್ತರ: ಮೊದಲು ಆಕೆಗೆ ಊಟ ಮಾಡಿಸಿರಿ, ತಾಯಿ. ನಿಮ್ಮ ಮನೆಯಲ್ಲಿ ಬಿದ್ದಿರುವುದು ಐ ಚಿಂಗ್‌ನ ಆರಾರು ಗೆರೆಗಳ 64 ಆಕೃತಿಗಳಲ್ಲಿ 11ನೆಯದು, ‘ಥಾಯ್’. ಅದರ ವಾಕ್ಯ: ಸಣ್ಣದು ಹೋಗುತ್ತದೆ, ದೊಡ್ಡದು ಬರುತ್ತದೆ, ಶುಭ.

ಮುರಿದ ಮೂರು ಗೆರೆ ಭೂಮಿ, ಇಡಿಯಾದ ಮೂರು ಗೆರೆ ಆಕಾಶ. ಭೂಮಿ ಮೇಲೆ, ಆಕಾಶ ಕೆಳಗೆ. ತಲೆಕೆಳಗಾದಂತೆ ಕಾಣುತ್ತದೆ, ಮರ್ಮ ಇರುವುದೂ ಅಲ್ಲೇ. ಆಕಾಶದ ಸ್ವಭಾವ ಏರುವುದು, ಭೂಮಿಯದು ಇಳಿಯುವುದು. ಹೀಗಿದ್ದರೇ ಅವೆರಡೂ ಎದುರುಬದುರಾಗಿ ಕೂಡುತ್ತವೆ. 12ನೆಯ ‘ಫಿ’ಯಲ್ಲಿ ಆಕಾಶ ಮೇಲೆ, ಭೂಮಿ ಕೆಳಗೆ, ಎಲ್ಲ ಅವರವರ ಜಾಗದಲ್ಲಿ, ಒಂದು ಏರುತ್ತ ಇನ್ನೊಂದು ಇಳಿಯುತ್ತ ದೂರವಾಗುತ್ತವೆ. ಅದನ್ನೇ ಗ್ರಂಥ ಸ್ತಂಭನ ಎಂದು ಕರೆಯುತ್ತದೆ. ಯಾಂಗ್‌ಗೆ ಹಿರಿತನ ಕೊಡುವ ಮಾತುಗಳು ಅಲ್ಲಿವೆ, ಸುಳ್ಳಲ್ಲ. ಆದರೂ ಆರೂ ಗೆರೆ ಯಾಂಗ್ ಆಗಿರುವ ಮೊದಲನೆಯ ಆಕೃತಿಯ ತುದಿಗೆರೆಗೆ ಬರೆದಿರುವುದೇನು ಗೊತ್ತೇ? ಅತಿ ಎತ್ತರಕ್ಕೇರಿದ ಡ್ರ್ಯಾಗನ್‌ಗೆ ಪಶ್ಚಾತ್ತಾಪ.

ಇನ್ನು 9. ತುಂಬಿ ತುಳುಕುವ ಯಾಂಗ್ ಅದು, ಯಿನ್ ಆಗಲು ಹೊರಟಿದೆ. ಥಾಯ್‌ನ ಮೂರನೆಯ ಗೆರೆಯ ವಾಕ್ಯ ನನಗೆ ಬಲು ಪ್ರೀತಿಯದು: ಇಳುಕಲಿಲ್ಲದ ಬಯಲಿಲ್ಲ, ಮರಳಿ ಬರದೆ ಹೋದದ್ದಿಲ್ಲ, ಕಷ್ಟದಲ್ಲಿ ದೃಢವಾಗಿದ್ದರೆ ದೋಷವಿಲ್ಲ. ಸಂಬಳ ಎಷ್ಟು, ಇರುವುದೆಲ್ಲಿ, ಹುಡುಗಿಯ ಮನಸ್ಸಿನಲ್ಲೇನಿದೆ ಎಂಬುದನ್ನು ನೀವೇ ಕೂತು ಮಾತಾಡಬೇಕು. ಆ ಕೆಲಸ ನಾಣ್ಯದ್ದಲ್ಲ. ಈ ವಾಕ್ಯವನ್ನು ಮಾತ್ರ ಆಕೆಗೂ ಅಳಿಯಂದಿರಿಗೂ ಓದಿ ಹೇಳಿರಿ.

ಪ್ರಶ್ನೆ: ಯಿನ್-ಯಾಂಗ್ ಅಂದರೆ ನಮ್ಮ ದ್ವೈತ, ತಾವೊ (ಜಗತ್ತು ನಡೆಯುವ ದಾರಿ) ಅಂದರೆ ನಮ್ಮ ಅದ್ವೈತ ಎನ್ನಬಹುದೇ?
— ಓದುಗರು, ಮುದ್ದೇಬಿಹಾಳ

ಉತ್ತರ: ಎನ್ನಬಾರದು ಎಂದೇ ನನ್ನ ಅಭಿಪ್ರಾಯ. ಮಧ್ವರಲ್ಲಿ ಜೀವ-ಈಶ್ವರರ ಭೇದ ನಿತ್ಯ. ಇಲ್ಲಿ 9 ಬಿದ್ದ ಯಾಂಗ್ ಯಿನ್ ಆಗಿಯೇ ತೀರುತ್ತದೆ. ಶಂಕರರಲ್ಲಿ ಎರಡು ಎಂಬುದು ಮಿಥ್ಯೆ; ಇಲ್ಲಿ ಹಗಲೂ ನಿಜ, ಇರುಳೂ ನಿಜ. ಐ ಚಿಂಗ್‌ನ ಮಹಾವ್ಯಾಖ್ಯಾನ ಹೇಳುವುದು, ಒಮ್ಮೆ ಯಿನ್ ಒಮ್ಮೆ ಯಾಂಗ್, ಇದೇ ತಾವೊ. ಎರಡರ ಸರದಿಯೇ ಆ ಒಂದು.

ಇದು ಪುಸ್ತಕದಲ್ಲಿ ಓದಿದ್ದಕ್ಕಿಂತ ಕೈಯಲ್ಲಿ ಮಾಡಿದಾಗ ನನಗೆ ಹತ್ತಿರವಾಯಿತು. ನಾಣ್ಯಕ್ಕಿಂತ ಹಳೆಯ ಕ್ರಮ ಕಡ್ಡಿ ಎಣಿಸುವುದು. ಅದಕ್ಕೆಂದು ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ತೆಂಗಿನ ಕಸಬರಿಗೆಯ 50 ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿ ಇಟ್ಟುಕೊಂಡಿದ್ದೇನೆ (ಚೀನಾದಲ್ಲಿ ‘ಯಾರೊ’ ಎಂಬ ಹೆಸರಿನ ಗಿಡದ ಒಣ ದಂಟು). ಶುರುವಿಗೇ ಒಂದು ಕಡ್ಡಿ ಪಕ್ಕಕ್ಕೆ; ಮುಗಿಯುವ ತನಕ ಅದನ್ನು ಮುಟ್ಟುವಂತಿಲ್ಲ. ಮೂರನೆಯ ಶತಮಾನದ ವ್ಯಾಖ್ಯಾನಕಾರ ವಾಂಗ್ ಬಿ ಆ ಕಡ್ಡಿಯೇ ಥಾಯ್‌ಜಿ, ಪರಮ ಮೂಲ ಎಂದ: ಬಳಕೆಗೆ ಬಾರದೆಯೇ ಎಲ್ಲ ಬಳಕೆಯನ್ನೂ ನಡೆಸುವಂಥದು. ಉಳಿದ 49ನ್ನು ಎಣಿಸದೆ ಎರಡು ಪಾಲು ಮಾಡಿದರೆ ಅವು ಆಕಾಶ, ಭೂಮಿ. ಬಲಪಾಲಿನ ಒಂದು ಕಡ್ಡಿ ಬೆರಳ ಸಂದಿಗೆ ಹೋಗುತ್ತದೆ, ಅದು ಮನುಷ್ಯ. ನಾಲ್ಕು ನಾಲ್ಕಾಗಿ ಎಣಿಸಿದರೆ ನಾಲ್ಕು ಋತು. ಕೊನೆಗೆ ಮಿಕ್ಕಿದ್ದು ಅಧಿಕ ಮಾಸ! ಐದು ವರ್ಷಕ್ಕೆ ಎರಡು ಅಧಿಕ ಮಾಸ ಎಂದು ಮಹಾವ್ಯಾಖ್ಯಾನದಲ್ಲೇ ಇದೆ, ನಮ್ಮ ಪಂಚಾಂಗ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಗೆರೆಯ ಅಂಕಿ ಸಿಗಲು ಹೀಗೆ ಮೂರು ಸಲ, ಆರು ಗೆರೆಗೆ 18 ಸಲ.

ಇನ್ನೊಂದು ಮಾತು. ಐ ಚಿಂಗ್ ತಾವೊ ಪಂಥದವರ ಸ್ವಂತ ಆಸ್ತಿಯಲ್ಲ. ಅದರ ಮೂಲ ಪ್ರಾಚೀನ ಚೀನಾದ ಝೋ ರಾಜರ ಕಾಲದ್ದು. ಕನ್ಫ್ಯೂಷಿಯಸ್ ಪರಂಪರೆಯವರಿಗೂ ಅದು ಅಷ್ಟೇ ಪೂಜ್ಯ.

ಪ್ರಶ್ನೆ: ಐ ಚಿಂಗ್ ನೋಡಲು ನಮ್ಮ ರೂಪಾಯಿ ನಾಣ್ಯ ನಡೆಯುತ್ತದೆಯೇ?
— ಓದುಗರು, ರಬಕವಿ

ಉತ್ತರ: ಧಾರಾಳವಾಗಿ. ಯಾವ ಮುಖಕ್ಕೆ 3, ಯಾವುದಕ್ಕೆ 2 ಎಂದು ಮೊದಲೇ ಗೊತ್ತುಮಾಡಿಕೊಳ್ಳಿರಿ. ಮೂರರ ಮೊತ್ತ 6, 7, 8 ಅಥವಾ 9 ಬರುತ್ತದೆ. 6 (ಯಿನ್) ಮತ್ತು 9 (ಯಾಂಗ್) ಬದಲಾಗುವ ಗೆರೆಗಳು. ನಾಣ್ಯದಲ್ಲಿ ಇವು ಒಂದೊಂದಕ್ಕೂ ಎಂಟರಲ್ಲೊಂದು ಅವಕಾಶ. ಕಡ್ಡಿಯಲ್ಲಿ 9ಕ್ಕೆ ಹದಿನಾರರಲ್ಲಿ ಮೂರು, 6ಕ್ಕೆ ಹದಿನಾರರಲ್ಲಿ ಒಂದೇ. ಹಳೆಯ ಕ್ರಮದಲ್ಲಿ ಯಿನ್ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಪುರುಸೊತ್ತಿದ್ದರೆ ಕಡ್ಡಿಯನ್ನೇ ಹಿಡಿಯಿರಿ.