ಬಲವಂತವಾಗಿ ನಕ್ಕರೂ ದಿನದ ಒತ್ತಡ ಇಳಿಯುತ್ತದೆಯೇ?

ಇಳಿಯುತ್ತದೆ. ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ–ಧಾರವಾಡ ಓಡಾಡಿ ಸಂಜೆಗೆ ತಲೆ ಭಾರ, ನಗು ತಾನಾಗಿ ಬರುವುದೇ ಇಲ್ಲ ಎಂದಿದ್ದೀರಿ. ತಾನಾಗಿ ಬರಬೇಕಿಲ್ಲ. ಮುಂಬೈಯ ವೈದ್ಯ ಮದನ್ ಕಟಾರಿಯಾ 1995ರಲ್ಲಿ ಪಾರ್ಕಿನಲ್ಲಿ ನಗೆಕೂಟ ಶುರು ಮಾಡಿದಾಗ ಮೊದಲು ಜೋಕುಗಳೇ ಇದ್ದವು. ಅವು ಖಾಲಿಯಾದ ಮೇಲೆ ಜೋಕಿಲ್ಲದ ನಗೆಯ ವ್ಯಾಯಾಮ ಬಂತು.

ಮನೆಗೆ ಬಂದವರೇ ಊಟಕ್ಕೆ ಮುಂಚೆ 10 ನಿಮಿಷ ಕೊಡಿ. ಅಂಗೈಗೆ ಅಂಗೈ, ಬೆರಳಿಗೆ ಬೆರಳು ಕೂಡುವಂತೆ ಚಪ್ಪಾಳೆ ತಟ್ಟುತ್ತಾ ‘ಹೋ ಹೋ, ಹಾ ಹಾ ಹಾ’ ಅನ್ನಿ. ಪ್ರತಿ ‘ಹಾ’ಗೂ ಹೊಟ್ಟೆ ಒಳಕ್ಕೆ ಹೋಗಬೇಕು, ನಡುವೆ ಒಮ್ಮೆ ಕೈಯಿಟ್ಟು ನೋಡಿಕೊಳ್ಳಿ. ಬರೀ ಗಂಟಲಿನಿಂದ ನಕ್ಕರೆ ಕೆಮ್ಮು ಬರುತ್ತದೆ, ಅಷ್ಟೇ. ಅರ್ಧ ನಿಮಿಷ ನಗು, ಮೂಗಿನಿಂದ ಎರಡು ದೀರ್ಘ ಉಸಿರು, ಮತ್ತೆ ನಗು. ಈ ಉಸಿರನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆಮೇಲೆ ತಲೆ ಸುತ್ತಿತು ಅನ್ನುತ್ತಾರೆ. ಸಡಿಲಿಕೆ ಸಿಗುವುದು ನಗುವಾಗಲ್ಲ, ನಿಲ್ಲಿಸಿದ ಮೇಲೆ: ಏರಿದ ಎದೆಬಡಿತ ಇಳಿದು ಭುಜ, ಕತ್ತಿನ ಬಿಗಿ ಬಿಡುತ್ತದೆ. ಆದ್ದರಿಂದ ಕೊನೆಯ 2 ನಿಮಿಷ ಸುಮ್ಮನೆ ಕೂತುಕೊಳ್ಳಿ.

ಜೊತೆಗೊಬ್ಬರಿದ್ದು ಕಣ್ಣಲ್ಲಿ ಕಣ್ಣಿಟ್ಟರೆ ನಿಜವಾದ ನಗು ಬೇಗ ಬರುತ್ತದೆ. ಭಾನುವಾರ ಉಣಕಲ್ ಕೆರೆ ದಂಡೆಗೆ ಗೆಳೆಯರನ್ನು ಕರೆದೊಯ್ಯಿರಿ. ಹರ್ನಿಯಾ, ಇತ್ತೀಚಿನ ಹೊಟ್ಟೆಯ ಆಪರೇಷನ್, ಹತೋಟಿಗೆ ಬಾರದ ಬಿಪಿ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಮಾಡಬಾರದು.